ನಾಲ್ಕು ತಿಂಗಳ ಕಾಗದ

ರಕ್ತ ಮಗ್ಗದ ಕುಣಿಯಿಂದ ಶುರುವಾಗಿ ಹಿತ್ತಲ ಬಾಗಿಲತನಕ ಹೋಗಿತ್ತು. ಬಾಗಿಲ ಚೌಕಟ್ಟಿನ ಮೇಲೆ ಯಾರೋ ಒದ್ದೆ ಕೈ ಒರೆಸಿಕೊಂಡು ಹೋದ ಗುರುತು. ಅದರಾಚೆ ಓಣಿ, ಓಣಿಯ ತುಂಬ ಆಗಷ್ಟೇ ನಿಂತ ಮಳೆಯ ಕೆಸರು.

ಹುನಗುಂದ ಠಾಣೆಯ ಜಮಾದಾರ ಬಂದೇನವಾಜ ಬಗ್ಗಿ ಕೆಸರನ್ನು ನೋಡಿದ. ಹೆಜ್ಜೆಯ ಮೇಲೆ ಹೆಜ್ಜೆ ಬಿದ್ದು ಎಲ್ಲ ಕಲಸಿಹೋಗಿತ್ತು. ತಿರುಗಿ ಒಳಗೆ ಬಂದ.

ಅಮೀನಬಿ ಕುಣಿಯೊಳಗೆ ಕಾಲು ಇಳಿಬಿಟ್ಟು, ನೇಯುವಾಗ ಕೂಡುವ ಹಾಗೆಯೇ ಕೂತಿದ್ದಳು. ಹಣೆ ಒಡೆದಿತ್ತು. ಕುತ್ತಿಗೆಯ ಎರಡೂ ಬದಿಗೆ ಬೆರಳು ಒತ್ತಿದ ಕಲೆಗಳು ನೀಲಿಗಟ್ಟುತ್ತಿದ್ದವು. ಮಡಿಲಲ್ಲಿ ಲಾಳಿ. ಅದರ ಕಬ್ಬಿಣದ ಮೂತಿ ಕೆಂಪಾಗಿತ್ತು.

ನಡೆದದ್ದನ್ನು ಆಕೆ ತಡವರಿಸದೆ ಹೇಳಿದಳು. ಬುಧವಾರ, ಹಾಡಹಗಲು ಹನ್ನೆರಡು ಗಂಟೆ. ಇಳಕಲ್ಲಿನ ಆ ಓಣಿಯಲ್ಲಿ ಮನೆಮನೆಗೂ ಮಗ್ಗ ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಹಿತ್ತಲ ಬಾಗಿಲು ಮುರಿದದ್ದು ಆಕೆಗೆ ಕೇಳಿಸಲಿಲ್ಲ, ಆಕೆ ಕೂಗಿದ್ದು ನೆರೆಯವರಿಗೆ ಕೇಳಿಸಲಿಲ್ಲ. ಮುಖಕ್ಕೆ ರುಮಾಲು ಸುತ್ತಿಕೊಂಡವನೊಬ್ಬ ಹಿಂದಿನಿಂದ ಕುತ್ತಿಗೆ ಹಿಡಿದು, ಹಣೆಯನ್ನು ಮಗ್ಗದ ಮರಕ್ಕೆ ಎರಡು ಸಲ ಗುದ್ದಿಸಿದ. ಆಕೆ ಕುಸಿದಳೆಂದು ತಿಳಿದು ಬಿಟ್ಟು, ನೇರ ಗೋಡೆಯ ಗೂಡಿಗೆ ಕೈಹಾಕಿದ. ಅಲ್ಲಿದ್ದ ತಗಡಿನ ಕೊಳವೆ ತೆಗೆದು ಮುಚ್ಚಳ ಕಿತ್ತ. ಖಾಲಿ. ಅವನು ತಿರುಗುವಷ್ಟರಲ್ಲಿ ಅಮೀನಬಿ ಲಾಳಿಯನ್ನು ಅವನ ತೊಡೆಗೆ ಇಳಿಸಿದ್ದಳು.

“ಒಂದ ಮಾತೂ ಆಡ್ಲಿಲ್ಲೇನು?” ಎಂದು ಬಂದೇನವಾಜ ಕೇಳಿದ.

“ಇಲ್ರಿ. ಉಸರ ಸೈತ ಬಿಗಿಹಿಡಿದಿದ್ದ.”

ಮಗ್ಗದ ಮೇಲೆ ಅರ್ಧ ನೇಯ್ದ ರೇಷ್ಮೆ ಸೀರೆ ಹಾಗೆಯೇ ಇತ್ತು. ಆಕೆಯ ಕೈಯ ಬೆಳ್ಳಿ ಕಡಗವೂ ಇತ್ತು. ಕೊಳವೆಯಲ್ಲಿ ಇದ್ದದ್ದೇನು ಎಂದು ಕೇಳಿದ್ದಕ್ಕೆ ಅಮೀನಬಿ ಸೊಂಟದ ಚೀಲದಿಂದ ಒಂದು ಛಾಪಾಕಾಗದ ತೆಗೆದಳು. ಈ ಮನೆಯ ಖರೇದಿಪತ್ರ. ಮೂರು ದಿನದ ಹಿಂದಷ್ಟೇ, ಹೆದರಿಕೆಯಾಗಿ, ಅದನ್ನು ಗೂಡಿನಿಂದ ಚೀಲಕ್ಕೆ ದಾಟಿಸಿದ್ದಳು.

ಹೆದರಿಕೆಗೆ ಕಾರಣವಿತ್ತು. ಮನೆ ಮಾರಿದ ಶಂಕ್ರಪ್ಪ ಬಲಕುಂದಿಯ ಹೆಣ ಹೋದ ಶನಿವಾರ ಕಲ್ಲು ಒಡೆಯುವ ಕುಣಿಯೊಂದರಲ್ಲಿ ಸಿಕ್ಕಿತ್ತು. ಮುಖ ಕಲ್ಲಿನಿಂದ ಜಜ್ಜಿ ಗುರುತು ಉಳಿದಿರಲಿಲ್ಲ. ಎಡಗೈ ಹೆಬ್ಬೆರಳನ್ನು ಬುಡದಿಂದ ಕತ್ತರಿಸಲಾಗಿತ್ತು. ಮೈ ಊದಿತ್ತು, ಸತ್ತು ಎರಡು ದಿನವಾದರೂ ಆಗಿತ್ತು. ಮೈಮೇಲಿನ ಧೋತರ, ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ನೋಡಿ ಹೆಂಡತಿ ಸಿದ್ದವ್ವ ನನ್ನ ಗಂಡನೇ ಎಂದು ಎದೆ ಬಡಿದುಕೊಂಡಿದ್ದಳು. ಜಂಗಮರನ್ನು ಕರೆಸಿ ಸಮಾಧಿ ಮಾಡಿಸಿದ್ದರು.

“ಕಾಗದ ಗೂಡಿನ್ಯಾಗ ಇಡೂದು ಯಾರ್ಯಾರಿಗಿ ಗೊತ್ತಿತ್ತು ಅಕ್ಕಾ?”

ಸಹಿ ಆದ ದಿನ ಈ ಮನೆಯಲ್ಲೇ ಕೂತು ಬರೆದದ್ದು. ಬರೆದವನು ಹುನಗುಂದದ ದಸ್ತೈವಜು ಬರೆಯುವ ಕಾಶಪ್ಪ. ಸಾಕ್ಷಿಗಳು ಹೋದ ಮೇಲೆ ಆಕೆ ಕೊಳವೆಯನ್ನು ಗೂಡಿನಲ್ಲಿಟ್ಟಾಗ ಎದುರಿಗಿದ್ದವರು ಇಬ್ಬರೇ. ಶಂಕ್ರಪ್ಪ, ಕಾಶಪ್ಪ.

ಒಬ್ಬ ಮಣ್ಣಿನಲ್ಲಿದ್ದ. ಬಂದೇನವಾಜ ಇನ್ನೊಬ್ಬನ ಹೆಸರನ್ನು ತನ್ನ ಚೋಪಡಿಯಲ್ಲಿ ಬರೆದು ಕೆಳಗೆ ಗೆರೆ ಎಳೆದ.

ಜಮಾದಾರನೂ ಇಳಕಲ್ಲಿನ ನೇಕಾರರ ಮನೆಯ ಮಗನೇ. ಖರೇದಿಪತ್ರವನ್ನು ಮೇಲಿಂದ ಕೆಳಗೆ ಎರಡು ಸಲ ಓದಿದ. ಮೂಡಲಿಗೆ ಯಾರ ಮನೆ, ಪಡುವಲಿಗೆ ಯಾವ ಓಣಿ, ಎಲ್ಲ ಸರಿಯಾಗಿತ್ತು. ಶಂಕ್ರಪ್ಪನ ಸಹಿ ಇತ್ತು, ಸಾಕ್ಷಿಗಳ ಸಹಿ ಇತ್ತು, ೧೯೧೧ನೆಯ ಇಸವಿ ಮಾರ್ಚ್ ಹದಿನಾಲ್ಕನೇ ತಾರೀಖು ಇತ್ತು. ಬೀಗದ ಕೈ ಅಂದೇ ಕೊಟ್ಟಿದ್ದ, ಆಕೆ ಅಂದಿನಿಂದಲೇ ಇಲ್ಲಿ ಮಗ್ಗ ಹೂಡಿದ್ದಳು. ಇಷ್ಟೆಲ್ಲ ಇದ್ದ ಮೇಲೆ ಈ ಹಾಳೆ ಕದ್ದು ಯಾರಿಗೆ ಏನು ಸಿಗಬೇಕು?

ಅದು ಅವನಿಗೆ ತಿಳಿಯಲಿಲ್ಲ. ತಿಳಿಯುವವರೊಬ್ಬರು ಹುನಗುಂದದಲ್ಲಿದ್ದರು.

ಸಬ್ ರಜಿಸ್ಟ್ರಾರ್ ರಾಯರು ಆ ಊರಿಗೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಜಮಾದಾರನ ಮಾತು ಕೇಳುತ್ತ ಅಡಿಕೆ ಕತ್ತರಿಸುತ್ತಿದ್ದವರು, ಸಹಿ ಆಯಿತು ಮನೆ ಆಕೆಯದಾಯಿತು ಎಂದು ಅವನು ಅಂದಕೂಡಲೇ ಅಡಕತ್ತರಿ ಕೆಳಗಿಟ್ಟರು.

“ಸಹಿ ಆದ ಮಾತ್ರಕ್ಕ ಮನಿ ಆಗೂದಿಲ್ಲ ಜಮಾದಾರ್ರ. ನೂರು ರೂಪಾಯಿ ಮ್ಯಾಲಿನ ಮನಿ ಅಂದ್ರ ಪತ್ರ ನನ್ನ ಕಚೇರಿಗಿ ಬರಬೇಕು. ಬರದುಕೊಟ್ಟಾವ ನನ್ನ ಮುಂದ ನಿಂತು, ಹೌದು ನಾನ ಬರದುಕೊಟ್ಟೇನಿ ಅನಬೇಕು. ಹೆಬ್ಬಟ್ಟು ಒತ್ತಬೇಕು. ಆಮ್ಯಾಲ ನೋಂದಣಿ. ಅಲ್ಲೀತನಕ ಅದು ಬರೇ ಕಾಗದ.”

“ಆಕಿ ನಾಕ ತಿಂಗಳಿಂದ ಅದ ಮನ್ಯಾಗ ಅದಾಳ್ರಿ. ಶಂಕ್ರಪ್ಪ ಇವತ್ತ ಬರ್ತೇನಿ, ನಾಳೆ ಬರ್ತೇನಿ ಅಂತ ದಿನಾ ದೂಡಿದ ಅಂತಾಳ.”

“ನಾಕ ತಿಂಗಳು? ತಾರೀಖು ಹೇಳ್ರಿ.”

ತಾರೀಖು ಕೇಳಿ ರಾಯರು ಬೆರಳು ಎಣಿಸಿದರು. ಬರೆದ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ಕಚೇರಿಗೆ ಹಾಜರು ಮಾಡಬೇಕೆಂಬುದು ಕಾಯ್ದೆ. ನಾಡಿದ್ದು ಶುಕ್ರವಾರ ಸಂಜೆ ಐದಕ್ಕೆ ಕಚೇರಿ ಮುಚ್ಚಿತೆಂದರೆ ಅಮೀನಬಿಯ ಕಾಗದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಅಷ್ಟೇ ಆಗಿದ್ದರೆ ಸರಿಯಿತ್ತು. ರಾಯರು ದೀಪ ಹಿಡಿಸಿಕೊಂಡು ಕಚೇರಿಯ ಬಾಗಿಲು ತೆಗೆಸಿ, ಸೂಚಿಯ ಪುಸ್ತಕ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ಅದೇ ಮನೆ. ಅದೇ ಶಂಕ್ರಪ್ಪ. ಜುಲೈ ಆರರಂದು ಗುಡೂರಿನ ಹತ್ತಿ ವ್ಯಾಪಾರಿ ಮುರ್ತುಜಸಾಬನಿಗೆ ಮಾರಾಟವಾಗಿ, ಅಂದೇ ನೋಂದಣಿಯೂ ಆಗಿತ್ತು.

“ಹಂಗಾದ್ರ ಮನಿ ಯಾರದ್ರಿ?”

“ಶುಕ್ರವಾರದೊಳಗ ಆಕಿ ಪತ್ರ ನೋಂದಣಿ ಆತಂದ್ರ ಆಕಿದು. ಆಕಿದು ಮಾರ್ಚದಿಂದ ಜಾರಿ, ಮುಂಚಿನ ತಾರೀಖು ಗೆಲ್ಲತದ. ಆಗಲಿಲ್ಲಾ, ಮುರ್ತುಜಸಾಬಂದು.”

“ಬರದುಕೊಟ್ಟಾವ ಸತ್ತಾನಲ್ರಿ?”

ಅದಕ್ಕೂ ದಾರಿ ಇತ್ತು. ಬರೆದುಕೊಟ್ಟವನು ಸತ್ತಿದ್ದರೆ ವಾರಸುದಾರರು ಬಂದು, ಹೌದು, ತೀರಿದವರು ಬರೆದುಕೊಟ್ಟದ್ದು ನಿಜ ಎಂದರೆ ಸಾಕು. ಶಂಕ್ರಪ್ಪನಿಗೆ ಮಕ್ಕಳಿರಲಿಲ್ಲ. ಸಿದ್ದವ್ವ ಬಂದರೆ ಆಯಿತು.

ಬಂದೇನವಾಜ ಹೊರಡಲು ಎದ್ದವನು ಮತ್ತೆ ಕೂತ. ಹೆಣ ಶನಿವಾರ ಸಿಕ್ಕಿತು, ಎರಡು ದಿನ ಹಳೆಯದು. ಶಂಕ್ರಪ್ಪ ಕಚೇರಿಗೆ ಬಂದದ್ದು ಗುರುವಾರ, ಆರನೇ ತಾರೀಖು. ಅಂದು ಬಂದವನು ಶಂಕ್ರಪ್ಪನೇ ಎಂದು ಹೇಳಿದವರು ಯಾರು?

ರಾಯರ ಮುಖ ಸಪ್ಪಗಾಯಿತು. ತಾವು ಹೊಸಬರು, ಮುಖ ಪರಿಚಯವಿಲ್ಲ. ಗುರುತು ಹೇಳಿ ಸಹಿ ಹಾಕಿದವನು ಬರಹದ ಕಾಶಪ್ಪ.

ಈಗ ಎಲ್ಲ ಕೂಡಿ ಬಂದಂತೆ ಬಂದೇನವಾಜನಿಗೆ ಕಂಡಿತು. ಕಾಶಪ್ಪ ಯಾರನ್ನೋ ತಂದು ಶಂಕ್ರಪ್ಪನೆಂದು ನಿಲ್ಲಿಸಿದ್ದಾನೆ. ಆ ಕಳ್ಳನ ಹೆಬ್ಬಟ್ಟು ಕಚೇರಿಯ ಪುಸ್ತಕದಲ್ಲಿದೆ. ನಿಜವಾದ ಶಂಕ್ರಪ್ಪನ ಬೆರಳಿನೊಡನೆ ಅದನ್ನು ಯಾರೂ ತಾಳೆ ನೋಡಬಾರದೆಂದೇ ಕೊಂದು ಹೆಬ್ಬೆರಳು ಕತ್ತರಿಸಿದ್ದಾರೆ. ಶಂಕ್ರಪ್ಪ ನಾಲ್ಕು ವರ್ಷದ ಹಿಂದೆ ಹೊಲ ಮಾರಿದ್ದನೆಂದು ಅಮೀನಬಿ ಹೇಳಿದ್ದಳು. ಆಗಿನ ಹೆಬ್ಬಟ್ಟು ಇದ್ದೇ ಇರುತ್ತದೆ, ಹುಡುಕಿಸಿ ಎಂದು ಕೇಳಿಕೊಂಡ. ಹಳೆಯ ಗಂಟು ಬಿಚ್ಚಿ ಹುಡುಕಲು ಒಂದು ದಿನ ಬೇಕು ಎಂದರು ರಾಯರು.

ಮರುದಿನ ಬೆಳಿಗ್ಗೆ ಅವನು ಕಾಶಪ್ಪನ ಮನೆಗೆ ಹೋದ. ಬಾಗಿಲು ತೆರೆದವಳು ಹೆಂಡತಿ ಮಾದೇವಿ. ಗಂಡ ಇಲ್ಲ, ಬಾದಾಮಿಗೆ ಹೋಗಿದ್ದಾನೆ, ವಾರವಾಯಿತು.

ಸಿಟ್ಟು ನೆತ್ತಿಗೇರಿ ಬಂದೇನವಾಜ ಅಲ್ಲಿದ್ದ ಬರಹದ ಪೆಟ್ಟಿಗೆಯನ್ನು ಒದ್ದ. ದೌತಿ ಒಡೆದು ಮಸಿ ಗೋಡೆಗೆ ಸಿಡಿಯಿತು. ಮಾದೇವಿ ಮೂಲೆಗೆ ಸರಿದು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಅವಳು ಹಾಗೆ ಮುಚ್ಚಿಕೊಂಡದ್ದು ನೋಡಿ ಅವನಿಗೆ ನಾಚಿಕೆಯಾಯಿತು. ಹೋದ ವರ್ಷ ಗುಡೂರಿನ ಕಳವಿನಲ್ಲಿ ತಪ್ಪು ಮನುಷ್ಯನನ್ನು ಹಿಡಿದು ಅವನ ತೋಳು ಮುರಿಯುವತನಕ ಹೊಡೆದಿದ್ದ. ಇನ್ನು ಕೈ ಎತ್ತುವುದಿಲ್ಲ ಎಂದು ಆಗ ಆಣೆ ಮಾಡಿದ್ದ. ಕಾಲಿನದು ಆಣೆಯಲ್ಲಿ ಬರುವುದಿಲ್ಲವೇ ಎಂದು ತನ್ನನ್ನೇ ಬೈದುಕೊಂಡು ನೆಲದ ಮೇಲೆ ಕೂತ.

ಅವನು ಕೂತ ಮೇಲೆ ಮಾದೇವಿ ಬಾಯಿಬಿಟ್ಟಳು. ಆರನೇ ತಾರೀಖು ಸಂಜೆ ಕಾಶಪ್ಪ ಕಚೇರಿಯಿಂದ ಬಂದವನು ಉಣ್ಣಲಿಲ್ಲ. ತಪ್ಪು ಮಾಡಿದೆ, ಆ ನೇಕಾರ ಹೆಂಗಸಿನ ಹೊಟ್ಟೆಯ ಮೇಲೆ ಹೊಡೆದೆ, ಇನ್ನೂ ಎಂಟು ದಿನ ಇದೆ, ಹೋಗಿ ಹೇಳಿ ಬರುತ್ತೇನೆ ಎಂದು ಇಳಕಲ್ಲಿಗೆ ನಡೆದ. ತಿರುಗಿ ಬರಲಿಲ್ಲ. ಮರುದಿನ ಶಂಕ್ರಪ್ಪನ ಹೆಂಡತಿ ಸಿದ್ದವ್ವ ತಾನೇ ಬಂದು, ನಿನ್ನ ಗಂಡ ಬನಶಂಕರಿಗೆ ಹರಕೆ ಇದೆಯೆಂದು ಬಾದಾಮಿಯ ಗಾಡಿ ಹತ್ತಿದ, ಕಾಯಬೇಡ ಎಂದು ಹೇಳಿ ಹೋದಳು.

ಹಿಡಿಯಲು ಗುರುತು ಬೇಕಲ್ಲ ಎಂದು ಕೇಳಿದ್ದಕ್ಕೆ, ಗಂಡನ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿದೆ, ಸಣ್ಣವನಿದ್ದಾಗ ಬಾಗಿಲಲ್ಲಿ ಸಿಕ್ಕಿದ್ದು, ಊರಿಗೆಲ್ಲ ಗೊತ್ತು ಎಂದಳು. ಬಂದೇನವಾಜ ಅದನ್ನು ಬರೆದುಕೊಂಡು, ಠಾಣೆಯಲ್ಲಿದ್ದ ಇಬ್ಬರು ಪೊಲೀಸರನ್ನೂ ಅಂದೇ ಬಾದಾಮಿಗೆ ಓಡಿಸಿದ.

ಮಧ್ಯಾಹ್ನ ಮುರ್ತುಜಸಾಬ ತಾನಾಗಿಯೇ ಠಾಣೆಗೆ ಬಂದ. ಬಿಳಿ ಗಡ್ಡ, ಶಾಂತ ಮಾತು. ಮನೆಯಲ್ಲಿರುವಾಕೆ ಬಾಡಿಗೆಯವಳೆಂದು ಶಂಕ್ರಪ್ಪ ಹೇಳಿದ್ದ, ತನಗೆ ಮೊದಲಿನ ಖರೇದಿಯ ಸುದ್ದಿಯೇ ಗೊತ್ತಿಲ್ಲ ಎಂದು ಕುರಾನಿನ ಮೇಲೆ ಆಣೆಯಿಟ್ಟ. ಅರ್ಧ ಹಣ ಮುಟ್ಟಿಸಿದ್ದೇನೆ, ಉಳಿದದ್ದು ಹದಿನೈದರ ನಂತರ ಎಂದು ಮಾತಾಗಿತ್ತು ಎಂದ. ಹದಿನೈದೇ ಯಾಕೆ ಎಂದದ್ದಕ್ಕೆ, ಮಾರಿದವನು ಹಾಗೆ ಅಂದಿದ್ದ ಎಂದ. ಈಗ ಯಾರಿಗೆ ಕೊಡುತ್ತೀರಿ ಎಂದು ಕೇಳಿದಾಗ ಅವನು ಆಶ್ಚರ್ಯಪಟ್ಟ. ಸತ್ತವನ ಹೆಂಡತಿಗೆ, ಮತ್ತೆ ಯಾರಿಗೆ?

ಶುಕ್ರವಾರ ಹತ್ತು ಗಂಟೆಗೆ ಅಮೀನಬಿ ಮತ್ತು ಸಿದ್ದವ್ವ ಇಳಕಲ್ಲಿನಿಂದ ಇಮಾಮಸಾಬನ ಗಾಡಿಯಲ್ಲಿ ಬರಬೇಕಿತ್ತು. ಬಂದೇನವಾಜನೇ ಹೇಳಿಕಳಿಸಿದ್ದ. ಸಿದ್ದವ್ವ ಒಂದು ಮಾತೂ ಎದುರಾಡದೆ ಒಪ್ಪಿದಳೆಂದು ಸುದ್ದಿ ಬಂದಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಗಾಡಿ ಕಾಣಲಿಲ್ಲ.

ಒಂದೂವರೆಗೆ ರಾಯರು ಒಳಗೆ ಕರೆದರು. ಮೇಜಿನ ಮೇಲೆ ಎರಡು ಹೆಬ್ಬಟ್ಟಿನ ಪುಸ್ತಕ, ನಡುವೆ ಭೂತಗನ್ನಡಿ. ಒಂದು ನಾಲ್ಕು ವರ್ಷ ಹಳೆಯದು, ಹೊಲ ಮಾರಿದ ಶಂಕ್ರಪ್ಪನದು. ಇನ್ನೊಂದು ಹೋದ ವಾರ ಬಂದವನದು.

“ನೀವ ನೋಡ್ರಿ. ನಡುವಿನ ಸುಳಿ ನೋಡ್ರಿ, ಬಲಕ್ಕಿರೋ ಗಾಯದ ಗೆರಿ ನೋಡ್ರಿ.”

ಬಂದೇನವಾಜ ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಎರಡೂ ಒಂದೇ ಬೆರಳು.

ಸುಳ್ಳು ಶಂಕ್ರಪ್ಪ ಯಾವನೂ ಬಂದಿರಲಿಲ್ಲ. ಆರನೇ ತಾರೀಖು ರಾಯರ ಮುಂದೆ ನಿಂತವನು ಶಂಕ್ರಪ್ಪನೇ. ಹಾಗಿದ್ದರೆ ಹೆಣದ ಹೆಬ್ಬೆರಳು ಕತ್ತರಿಸಿದ್ದು ಯಾಕೆ? ಮುಚ್ಚಿಡಬೇಕಾದ ಹೆಬ್ಬಟ್ಟು ಯಾವುದೂ ಇರಲಿಲ್ಲ. ಮುಚ್ಚಿಡಬೇಕಾಗಿದ್ದದ್ದು ಬೆರಳೇ. ಊರಿಗೆಲ್ಲ ಗೊತ್ತಿರುವ, ಉಗುರು ಸೀಳಿದ ಬೆರಳು.

ಜಮಾದಾರ ಭೂತಗನ್ನಡಿ ಕೆಳಗಿಟ್ಟ. ಯಾವನನ್ನು ಹುಡುಕಲು ಇಬ್ಬರು ಪೊಲೀಸರನ್ನು ಬಾದಾಮಿಗೆ ಕಳಿಸಿದ್ದನೋ ಆ ಕಾಶಪ್ಪ ಆರು ದಿನದಿಂದ ಶಂಕ್ರಪ್ಪನ ಹೆಸರಿನ ಸಮಾಧಿಯಲ್ಲಿ, ಇನ್ನೊಬ್ಬನ ಕರಡಿಗೆ ಕಟ್ಟಿಕೊಂಡು ಕೂತಿದ್ದ. ಗೂಡು ಗೊತ್ತಿದ್ದ ಇಬ್ಬರಲ್ಲಿ ಬದುಕಿದ್ದವನು ಶಂಕ್ರಪ್ಪ. ಬುಧವಾರ ಅಮೀನಬಿಯ ಕುತ್ತಿಗೆ ಹಿಸುಕಿದವನು ಅವನೇ. ಸತ್ತವನನ್ನು ಯಾರೂ ಹುಡುಕರು, ಹದಿನಾಲ್ಕು ಕಳೆದರೆ ಮುರ್ತುಜಸಾಬನ ಉಳಿದ ಹಣ ಸಿದ್ದವ್ವನ ಕೈಗೆ. ಹೆಣ ನೋಡಿ ಗಂಡನೆಂದು ಅತ್ತವಳು ಸಿದ್ದವ್ವ, ಬಾದಾಮಿಯ ಸುಳ್ಳು ತಂದವಳೂ ಸಿದ್ದವ್ವ. ಅಂಥವಳ ಪಕ್ಕದಲ್ಲಿ ಅಮೀನಬಿಯನ್ನು, ಸೊಂಟದಲ್ಲಿ ಕಾಗದದ ಸಮೇತ, ಕಾವಲಿಲ್ಲದ ಗಾಡಿಯಲ್ಲಿ ಕೂರಿಸಿದವನು ತಾನು.

ಅವನು ಟೋಪಿ ಮರೆತು ಹೊರಗೆ ಓಡಿದ. ಇಳಕಲ್ಲಿನ ದಾರಿಯಲ್ಲಿ ಒಂದು ಮೈಲಿ ಹೋಗಿರಬಹುದು, ತಿರುವಿನಲ್ಲಿ ಗಾಡಿ ಕಂಡಿತು.

ಎತ್ತುಗಳನ್ನು ಹೊಡೆಯುತ್ತಿದ್ದವಳು ಅಮೀನಬಿ. ಹಣೆಯ ಪಟ್ಟಿ ಕಳಚಿ ಕುತ್ತಿಗೆಗೆ ಬಿದ್ದಿತ್ತು. ಹಿಂದೆ ಹುಲ್ಲಿನ ಮೇಲೆ ಗಾಡಿಯ ಇಮಾಮಸಾಬ ಮಲಗಿದ್ದ. ಹೆಗಲಿಗೆ ಕೊಡಲಿ ಏಟು ಬಿದ್ದು ಎಲುಬು ಕಾಣುತ್ತಿತ್ತು, ನರಳುತ್ತಿದ್ದ. ಅವನ ಕಾಲ ಬಳಿ, ಎತ್ತಿನ ಹಗ್ಗದಲ್ಲಿ ಕೈಕಾಲು ಬಿಗಿಸಿಕೊಂಡು, ಬಾಯಿಂದ ಜೊಲ್ಲು ರಕ್ತ ಸುರಿಸುತ್ತ ಬಿದ್ದಿದ್ದವನು ಶಂಕ್ರಪ್ಪ ಬಲಕುಂದಿ. ಸಿದ್ದವ್ವ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಬಳೆಯಿಲ್ಲದ ಕೈ. ಕುಂಕುಮವಿಲ್ಲದ ಹಣೆ.

“ಬರದುಕೊಟ್ಟಾವನ್ನ ತಂದೇನ್ರಿ ಜಮಾದಾರ್ರ,” ಎಂದಳು ಅಮೀನಬಿ. “ಟಾಯಿಮು ಐತೇನ್ರಿ ಇನ್ನ?”

ದಾರಿಯಲ್ಲಿ ನಡೆದದ್ದನ್ನು ಅವಳು ಎತ್ತು ನಿಲ್ಲಿಸದೆಯೇ ಹೇಳಿದಳು. ಹಳ್ಳ ದಾಟುವಾಗ ಜಾಲಿಯ ಮರೆಯಿಂದ ಬಂದ. ಮೊದಲ ಏಟಿಗೇ ಇಮಾಮಸಾಬ ಕೆಳಗೆ ಬಿದ್ದ. ಎರಡನೆಯದು ತನಗೆ ಬೀಳಬೇಕಿತ್ತು. ಕಣ್ಣು ಮುಚ್ಚಿಕೊಂಡಳು, ಏಟು ಬೀಳಲಿಲ್ಲ. ತೆರೆದು ನೋಡಿದರೆ ಸಿದ್ದವ್ವ ಗಾಡಿಯ ಗೂಟ ಕಿತ್ತು ಗಂಡನ ತಲೆಗೆ ಹೊಡೆಯುತ್ತಿದ್ದಳು. ಬಿದ್ದ ಮೇಲೂ ಹೊಡೆದಳು. ಆಮೇಲೆ ಇಮಾಮಸಾಬನ ಹೆಗಲಿಗೆ ಸೀರೆ ಹರಿದು ಕಟ್ಟಿ, ಇಬ್ಬರನ್ನೂ ಗಾಡಿಗೆ ಎಳೆದು ಹಾಕುವಷ್ಟರಲ್ಲಿ ಹೊತ್ತು ಏರಿತ್ತು. ಆಗಿನಿಂದ ಸಿದ್ದವ್ವ ತುಟಿ ಬಿಚ್ಚಿಲ್ಲ.

ಇಮಾಮಸಾಬನನ್ನು ದವಾಖಾನೆಗೆ ಸೇರಿಸಿ ಕಚೇರಿ ಮುಟ್ಟಿದಾಗ ನಾಲ್ಕು ಹೊಡೆದಿತ್ತು. ಮನುಷ್ಯ ಇಂಥ ಸ್ಥಿತಿಯಲ್ಲಿದ್ದಾನೆ ಎಂದು ರಾಯರು ಮೊದಲು ಒಪ್ಪಲಿಲ್ಲ. ನೆಟ್ಟಗೆ ಕೂತು ತನ್ನ ಹೆಸರು, ಊರು, ಇಂದಿನ ವಾರ ಸರಿಯಾಗಿ ಹೇಳಿದರೆ ಮಾತ್ರ ಕೇಳುತ್ತೇನೆ, ಹಗ್ಗ ಬಿಚ್ಚಿ ಎಂದರು. ಬಿಚ್ಚಿದರು. ಶಂಕ್ರಪ್ಪ ನೀರು ಕುಡಿದು, ಕುರ್ಚಿಯ ಮೇಲೆ ನೆಟ್ಟಗೆ ಕೂತು, ಹೆಸರು ಊರು ವಾರ ಮೂರನ್ನೂ ಹೇಳಿದ. ತೊಡೆಯ ಗಾಯದಿಂದ ಧೋತರ ಒದ್ದೆಯಾಗಿತ್ತು.

ಮೇಜಿನ ಮೇಲೆ ದೌತಿ, ಹೆಬ್ಬಟ್ಟಿನ ಮಸಿ, ದಫ್ತರ ಹೊಲಿಯುವ ದಬ್ಬಣ. ರಾಯರು ಅಮೀನಬಿಯ ಪತ್ರ ಬಿಚ್ಚಿ, ಹಾಜರಾದ ಹೊತ್ತು ಬರೆದು, ಅವನ ಮುಂದೆ ಹಿಡಿದರು.

“ಈ ಖರೇದಿಪತ್ರ ನೀವು ಬರದುಕೊಟ್ಟಿದ್ದು ಹೌದೋ ಅಲ್ಲೋ?”

ಶಂಕ್ರಪ್ಪ ಅಮೀನಬಿಯನ್ನು ನೋಡಿದ. ಒಡೆದ ತುಟಿಯಲ್ಲಿ ನಗು ಬಂತು.

“ಅಲ್ರಿ. ಈ ಸಹಿ ನಂದಲ್ಲ. ನಾ ಮಾರಿದ್ದು ಮುರ್ತುಜಸಾಬಗ.”

ಅಮೀನಬಿ ಗೋಡೆಗೆ ಆತುಕೊಂಡಳು. ಬರೆದುಕೊಟ್ಟವನೇ ಅಲ್ಲ ಎಂದರೆ ನೋಂದಣಿಯನ್ನು ನಿರಾಕರಿಸಲೇಬೇಕು ಎಂದು ರಾಯರು ಕಷ್ಟಪಟ್ಟು ಹೇಳಿದರು. ಮುಂದೆ ವಿಜಾಪುರದ ದೊಡ್ಡ ಕಚೇರಿಗೆ ಅರ್ಜಿ, ವಕೀಲರು, ವಿಚಾರಣೆ, ವರ್ಷಗಟ್ಟಲೆ ಅಲೆದಾಟ. ಅವರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ಬರೆಯಲು ಕೈ ಬರಲಿಲ್ಲ.

ಬಂದೇನವಾಜ ಶಂಕ್ರಪ್ಪನ ಎದುರು ಬಗ್ಗಿದ. “ಮನಿ ಮಾತು ಇರ್ಲಿ. ಕಾಶಪ್ಪನ್ನ ಕೊಂದು ನಿನ್ನ ಧೋತರ ಉಡಿಸಿದಿ. ಗಲ್ಲಿಗಿ ಹೋಗ್ತಿ.”

“ಉಡಿಸಿದ್ದು ನಾನ. ಬೆರಳು ಕೊಯ್ದಿದ್ದೂ ನಾನ.” ಶಂಕ್ರಪ್ಪ ಸಾವಕಾಶ ಮಾತಾಡಿದ. “ಕೊಂದಿಲ್ಲ. ನಾ ಮನಿಗಿ ಬರೂದರೊಳಗ ಕಾಶ್ಯಾನ ತಲಿ ಜಜ್ಜಿ ಆಗಿತ್ತು. ಕೊಂದವರ ಹೆಸರು ಹೇಳ್ತೇನಿ. ಗಲ್ಲು ತಪ್ಪಸ್ತೇನಿ ಅಂತ ಸಾಹೇಬ್ರ ಮುಂದ ಬರಸಿ ಕೊಡು, ಹೇಳ್ತೇನಿ.”

ಅಲ್ಲಿಯವರೆಗೆ ಬಾಗಿಲ ಬಳಿ ಕುಕ್ಕುರುಗಾಲಲ್ಲಿ ಕೂತಿದ್ದ ಸಿದ್ದವ್ವ ಎದ್ದು ಮೇಜಿನ ಹತ್ತಿರ ಬಂದಳು. ಅವಳ ಧ್ವನಿಯನ್ನು ಅಂದು ಎಲ್ಲರೂ ಮೊದಲ ಸಲ ಕೇಳಿದರು.

“ರಾಯರ, ಇಂವ ಇದ್ದು ಅಲ್ಲ ಅಂದ. ಇಂವ ಸತ್ತಿದ್ರ ನನ್ನ ಮಾತು ನಡೀತಿತ್ತೇನ್ರಿ?”

ರಾಯರು ತಲೆ ಎತ್ತಲಿಲ್ಲ. ಕಾಯ್ದೆ ಕೇಳಿದವರಿಗೆ ಕಾಯ್ದೆ ಹೇಳಿ ರೂಢಿ. “ಸತ್ತಿದ್ರ ನಡೀತಿತ್ತವ್ವಾ.”

“ನನಗ ಆರು ದಿನದ ಹಿಂದನ ಬಳಿ ಒಡಸ್ಯಾನ,” ಎಂದಳು ಸಿದ್ದವ್ವ.

ಅವಳ ಕೈ ದಬ್ಬಣದ ಮೇಲೆ ಹೋದದ್ದನ್ನು ಬಂದೇನವಾಜ ನೋಡಿದ. ನೋಡಿದ್ದು ತಲೆಗೆ ಹತ್ತುವ ಮೊದಲೇ ಅದು ಶಂಕ್ರಪ್ಪನ ಕುತ್ತಿಗೆಯ ಪಕ್ಕದಲ್ಲಿ ಹಿಡಿಯತನಕ ಇಳಿದಿತ್ತು. ಅವಳು ಅದನ್ನು ಕಿತ್ತಳು. ರಕ್ತ ಒಂದು ಮಾರು ದೂರ ಚಿಮ್ಮಿ ಗೋಡೆಗೆ, ಪುಸ್ತಕಕ್ಕೆ, ರಾಯರ ಅಂಗಿಗೆ ಬಡಿಯಿತು. ಶಂಕ್ರಪ್ಪ ಕುರ್ಚಿಯ ಸಮೇತ ಉರುಳಿದ. ಸಿದ್ದವ್ವ ಮತ್ತೊಮ್ಮೆ ಬಗ್ಗುವಷ್ಟರಲ್ಲಿ ಜವಾನ ಅವಳನ್ನು ಹಿಂದಿನಿಂದ ತಬ್ಬಿ ಹಿಡಿದ. ಅವಳು ಕೊಸರಲಿಲ್ಲ. ದಬ್ಬಣ ತಾನಾಗಿಯೇ ಕೆಳಗೆ ಹಾಕಿದಳು.

“ಈಗ ನನ್ನ ಕೇಳ್ರಿ ರಾಯರ,” ಎಂದಳು. “ಹೌದು, ನನ್ನ ಗಂಡ ಈಕಿಗೆ ಬರದುಕೊಟ್ಟಾನ. ಹೆಬ್ಬಟ್ಟು ಎಲ್ಲಿ ಒತ್ತಲಿ?”

ಬಂದೇನವಾಜ ಆಗಲೇ ನೆಲದ ಮೇಲೆ ಮೊಣಕಾಲೂರಿ ಶಂಕ್ರಪ್ಪನ ಗಾಯಕ್ಕೆ ಅಂಗೈ ಒತ್ತಿದ್ದ. ಬೆರಳ ಸಂದಿಯಿಂದ ಬಿಸಿ ರಕ್ತ ಉಕ್ಕುತ್ತಿತ್ತು. ಬಲವಾಗಿ ಒತ್ತಿದ, ಉಕ್ಕುವುದು ಕಡಿಮೆಯಾಯಿತು. ಶಂಕ್ರಪ್ಪನ ಕಣ್ಣು ತೆರೆದಿತ್ತು. ತುಟಿ ಆಡುತ್ತಿತ್ತು. ದವಾಖಾನೆ ಕೂಗಳತೆಯಲ್ಲಿತ್ತು. ಯಾರಾದರೂ ಓಡಿ ವೈದ್ಯರನ್ನು ಕರೆತರುವತನಕ ಹೀಗೇ ಹಿಡಿದರೆ ಉಳಿದಾನು, ಉಳಿದರೆ ಹೆಸರು ಹೇಳಿಯಾನು.

ಹೆಸರು ಯಾರದು? ಕಾಶಪ್ಪ ಸತ್ಯ ಹೇಳಲು ಹೋದ ಸಂಜೆ, ದಾರಿಯಲ್ಲಿ ಶಂಕ್ರಪ್ಪನ ಮನೆ ಹೊಕ್ಕಾಗ, ಮೊದಲು ಎದುರಾದವರು ಯಾರು? ಸಿದ್ದವ್ವ ದಬ್ಬಣ ಎತ್ತಿದ್ದು ಅಮೀನಬಿಯ ಮನೆ ಉಳಿಸಲಿಕ್ಕೋ, ಗಂಡನ ಬಾಯಿ ಮುಚ್ಚಿಸಲಿಕ್ಕೋ? ಜಮಾದಾರ ಅವಳ ಮುಖ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ.

ರಾಯರ ಲೇಖನಿ ಇನ್ನೂ ಕೈಯಲ್ಲೇ ಇತ್ತು. ಶಂಕ್ರಪ್ಪ ಅಂದ ‘ಅಲ್ಲ’ ಕಾಗದಕ್ಕೆ ಇಳಿದಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ. ಇವನು ಉಸಿರಾಡುವಷ್ಟು ಹೊತ್ತು ಸಿದ್ದವ್ವನ ಮಾತಿಗೆ ಬೆಲೆಯಿಲ್ಲ.

“ಕೈ ತಗೀರಿ ಜಮಾದಾರ್ರ,” ಎಂದಳು ಸಿದ್ದವ್ವ, ಜವಾನನ ತೋಳುಗಳ ನಡುವಿನಿಂದ, ಮೆಲ್ಲಗೆ.

ಅಮೀನಬಿ ಗೋಡೆ ಬಿಟ್ಟು ಬಂದಳು. ಅವನ ಪಕ್ಕದಲ್ಲಿ ಕೂತಳು. ಅವಳ ಕೈ ಅವನ ಕೈಯ ಮೇಲೆ ಬಿತ್ತು, ನೇಯ್ದು ನೇಯ್ದು ಗಟ್ಟಿಯಾದ ಕೈ. ಅದು ಒತ್ತಲಿಕ್ಕೆ ಬಂದದ್ದೋ ಕೀಳಲಿಕ್ಕೆ ಬಂದದ್ದೋ ಬಂದೇನವಾಜನಿಗೆ ತಿಳಿಯಲಿಲ್ಲ.